ಥೈರಾಯ್ಡ್ ಮಾತ್ರೆಯ ಡೋಸ್ ಏರಿಸುವ ಮುಂಚೆ ಬೆಳಗಿನ ಒಂದು ಗಂಟೆ ನೋಡಿಕೊಳ್ಳಿ

ಅಮ್ಮನ ಥೈರಾಯ್ಡ್ ಮಾತ್ರೆಯ ಬಾಟಲಿ ಇರುತ್ತಿದ್ದದ್ದು ಅಡುಗೆಮನೆ ಕಟ್ಟೆಯ ಮೇಲೆ, ಕಾಫಿಪುಡಿ ಡಬ್ಬಿಯ ಪಕ್ಕ. ಬೆಳಿಗ್ಗೆ ಎದ್ದು ಹಾಲು ಕಾಯಲಿಕ್ಕಿಟ್ಟು, ಮಾತ್ರೆ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿಯುತ್ತಿದ್ದಳು. ಹಾಲು ಉಕ್ಕುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತಿತ್ತು. ಮಾತ್ರೆಗೂ ಕಾಫಿಗೂ ನಡುವೆ ಹತ್ತು ನಿಮಿಷ ಇದ್ದರೆ ಹೆಚ್ಚು. ತಿಂಡಿ ಮುಗಿಯುತ್ತಲೇ ಮಂಡಿನೋವಿಗೆ ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ.

ಆ ವರ್ಷ ಅವಳ ಟಿಎಸ್‌ಎಚ್ (ಥೈರಾಯ್ಡ್ ಸಾಲದಿದ್ದರೆ ಏರುವ ರಕ್ತಪರೀಕ್ಷೆಯ ಅಂಕಿ) 11 ಬಂತು. 75 ಮೈಕ್ರೋಗ್ರಾಂ ಮಾತ್ರೆ 100 ಆಯಿತು. ಎರಡು ತಿಂಗಳು ಬಿಟ್ಟು ನೋಡಿದರೆ 8. ಇನ್ನೂ ಏರಿಸುತ್ತಾರೆಂದುಕೊಂಡೇ ಹೋದೆವು. ಅವತ್ತು ಇದ್ದ ಡಾಕ್ಟರು ಬೇರೆಯವರು, ರಿಪೋರ್ಟ್ ಪಕ್ಕಕ್ಕಿಟ್ಟು ಕೇಳಿದರು:

"ಮಾತ್ರೆ ಹೇಗೆ ತಗೋತೀರಮ್ಮಾ?"

"ಬರೀ ಹೊಟ್ಟೇಲೇ ಡಾಕ್ಟ್ರೇ. ಆಮೇಲೆ ಒಂದು ಲೋಟ ಕಾಫಿ, ಅಷ್ಟೇ."

ಡಾಕ್ಟರು ನಕ್ಕರು. ಚೀಟಿಯಲ್ಲಿ ಡೋಸ್ ಹಾಗೇ ಬಿಟ್ಟು, ಕಾಫಿ ಒಂದು ಗಂಟೆ ತಡ, ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಎಂದು ಬರೆದರು. ಮತ್ತೆರಡು ತಿಂಗಳಿಗೆ ಟಿಎಸ್‌ಎಚ್ 0.3ಕ್ಕೆ ಇಳಿದಿತ್ತು. ಅಂದರೆ 100 ಈಗ ಜಾಸ್ತಿ! ವಾಪಸ್ 75ಕ್ಕೇ ಬಂದಳು. ಗ್ರಂಥಿಯಲ್ಲಿ ಹೊಸದಾಗಿ ಏನೂ ಕೆಟ್ಟಿರಲಿಲ್ಲ, ಮಾತ್ರೆ ರಕ್ತಕ್ಕೆ ಸೇರುತ್ತಿರಲಿಲ್ಲ, ಅಷ್ಟೇ.

ನಾನೂ ಈಗ ಹದಿಮೂರು ವರ್ಷದಿಂದ ಅದೇ ಮಾತ್ರೆಯವಳು. ಡೋಸ್ ಏರಿಸುವುದು, ಇಳಿಸುವುದು ಡಾಕ್ಟರ ಕೆಲಸ. ಅದಕ್ಕೆ ಮುಂಚಿನದು ಬಹುಪಾಲು ನಮ್ಮ ಕೈಯಲ್ಲಿದೆ. ಈ ಬರಹ ಅದರ ಬಗ್ಗೆ.

ಮೊದಲು, ಟಿಎಸ್‌ಎಚ್ ಅಂದರೆ ಯಾರ ಕೂಗು?

ಶಾಲೆಯಲ್ಲಿ 'ನಿರ್ನಾಳ ಗ್ರಂಥಿಗಳು' ಎಂದು ಓದಿದ್ದು ನೆನಪಿರಬಹುದು. ನಾಳ ಇಲ್ಲದವು, ರಸವನ್ನು ನೇರ ರಕ್ತಕ್ಕೇ ಬಿಡುವಂಥವು. ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ, ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್, ಅದರ ಬೆನ್ನಿಗೆ ಅಂಟಿಕೊಂಡ ನಾಲ್ಕು ಪುಟಾಣಿ ಪ್ಯಾರಾಥೈರಾಯ್ಡ್, ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್, ಹೊಟ್ಟೆಯಲ್ಲಿ ಮೇದೋಜೀರಕ, ಆಮೇಲೆ ಅಂಡಾಶಯ, ವೃಷಣ. ಎಲ್ಲದರ ಕತೆ ಹೇಳಲು ಹೊರಟರೆ ಪುಸ್ತಕವಾದೀತು. ನಮಗೆ ಸದ್ಯ ಮೊದಲ ಎರಡು ಸಾಕು.

ಹಳ್ಳಿಯಲ್ಲಿ ನೀರುಗಂಟಿ ಇರುತ್ತಾನಲ್ಲ, ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವವನು, ಥೈರಾಯ್ಡ್ ಅವನಂತೆ. ಪಿಟ್ಯುಟರಿ ಅಂದರೆ ಜಗಲಿಯಲ್ಲಿ ನಿಂತು ಅವನನ್ನು ಕೂಗುವ ಮನೆಯವರು. ನೀರು ಸಾಕಷ್ಟು ಬರುತ್ತಿದ್ದರೆ ಮೆಲ್ಲಗೆ ಹೇಳುತ್ತಾರೆ, ಟ್ಯಾಂಕ್ ಖಾಲಿಯಾದಷ್ಟೂ ದನಿ ಏರುತ್ತದೆ. ಆ ಕೂಗೇ ಟಿಎಸ್‌ಎಚ್. ಹಾಗಾಗಿ ಟಿಎಸ್‌ಎಚ್ ಜಾಸ್ತಿ ಅಂದರೆ ಥೈರಾಯ್ಡ್ ಕಡಿಮೆ. ಈ ತಿರುಗುಮುರುಗು ತಿಳಿಯದೆ "ನಂಗೆ ಥೈರಾಯ್ಡ್ ತುಂಬಾ ಜಾಸ್ತಿ ಆಗಿದೆ" ಎನ್ನುವವರು ಮದುವೆ ಮನೆಗೊಬ್ಬರಂತೆ ಸಿಗುತ್ತಾರೆ.

ಥೈರಾಯ್ಡ್ ಬಿಡುವ ನೀರಿನ ಹೆಸರು ಥೈರಾಕ್ಸಿನ್, ಅಂದರೆ ಟಿ4. ಅದರಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿವೆ. ಪಿತ್ತಜನಕಾಂಗ, ಮೂತ್ರಪಿಂಡದಂಥ ಅಂಗಗಳು ಅದರಿಂದ ಒಂದನ್ನು ಕಿತ್ತು ಟಿ3 ಮಾಡಿಕೊಳ್ಳುತ್ತವೆ. ನಿಜವಾದ ಕೆಲಸಗಾರ ಈ ಟಿ3. ನಾವು ನುಂಗುವ ಲೆವೊಥೈರಾಕ್ಸಿನ್ ಟಿ4ನದೇ ಪ್ರತಿರೂಪ. ಮೈಗೆ ಅದು ಹೊರಗಿನ ವಸ್ತು ಅಲ್ಲ.

ಹೆಜ್ಜೆ 1: ರಿಪೋರ್ಟನ್ನು ಜೋಡಿಯಾಗಿ ಓದಿ

ಟಿಎಸ್‌ಎಚ್ ಒಂದನ್ನೇ ನೋಡಿ ಹೆದರಬೇಡಿ. ಪಕ್ಕದಲ್ಲಿ ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಟಿ4, ಎಷ್ಟಿದೆ ನೋಡಿ. ದೊಡ್ಡವರಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4.5ರೊಳಗಿದ್ದರೆ ಸರಿ ಎನ್ನುತ್ತಾರೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ರಿಪೋರ್ಟಿನ ಬಲಬದಿಯಲ್ಲೇ ಅಚ್ಚಾಗಿರುತ್ತದೆ.

ಟಿಎಸ್‌ಎಚ್ ಮೇಲೆ, ಟಿ4 ಕೆಳಗೆ ಇದ್ದರೆ ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಕಡಿಮೆ. ಮಾತ್ರೆ ಬೇಕು, ಚರ್ಚೆಯಿಲ್ಲ. ಟಿಎಸ್‌ಎಚ್ ಕೆಳಗೆ, ಟಿ4 ಮೇಲೆ ಇದ್ದರೆ ಹೈಪರ್, ಅಂದರೆ ಥೈರಾಯ್ಡ್ ಜಾಸ್ತಿ, ಅದರ ದಾರಿಯೇ ಬೇರೆ. ಗೊಂದಲ ಹುಟ್ಟಿಸುವುದು ನಡುವಿನವು: ಟಿಎಸ್‌ಎಚ್ 6 ಅಥವಾ 7, ಟಿ4 ಮಾತ್ರ ಸರಿಯಾಗಿಯೇ ಇದೆ. ಒಂದೇ ರಿಪೋರ್ಟಿಗೆ ಜೀವನಪೂರ್ತಿ ಮಾತ್ರೆ ಹಿಡಿದುಬಿಡುವ ಅವಸರ ಇಲ್ಲಿ ಬೇಡ. ಜ್ವರ, ಕಾಯಿಲೆಯಿಂದ ಏಳುವಾಗ ಟಿಎಸ್‌ಎಚ್ ತಾನೇ ತುಸು ಏರಿ ಇಳಿಯುವುದುಂಟು. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿಸಿ, ಜೊತೆಗೆ ಟಿಪಿಒ ಆಂಟಿಬಾಡಿ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಅದು ಪಾಸಿಟಿವ್ ಬಂದರೆ ನಮ್ಮದೇ ರೋಗನಿರೋಧಕ ಪಡೆ ಗ್ರಂಥಿಯ ಮೇಲೆ ಬಿದ್ದಿದೆ ಎಂದರ್ಥ. 1912ರಲ್ಲಿ ಜಪಾನಿನ ಡಾಕ್ಟರ್ ಹಕಾರು ಹಶಿಮೊಟೊ ಮೊದಲು ವಿವರಿಸಿದ್ದು ಈ ಕಾಯಿಲೆಯನ್ನೇ. ಟಿಎಸ್‌ಎಚ್ 10 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಶುರು ಮಾಡುತ್ತಾರೆ. ಎಪ್ಪತ್ತು ದಾಟಿದ ಅಜ್ಜಿಯ ಟಿಎಸ್‌ಎಚ್ 6 ಇದ್ದರೆ ಅದು ಬರಿಯ ವಯಸ್ಸೂ ಇರಬಹುದು.

ಇನ್ನೊಂದು ಜೋಡಿ ಅಪರೂಪ, ಆದರೆ ತಪ್ಪಿಸಿಕೊಳ್ಳಬಾರದು: ಟಿ4 ಕಡಿಮೆ, ಆದರೂ ಟಿಎಸ್‌ಎಚ್ ಕಡಿಮೆ ಅಥವಾ ಮಾಮೂಲು. ಟ್ಯಾಂಕ್ ಖಾಲಿ, ಆದರೂ ಯಾರೂ ಕೂಗುತ್ತಿಲ್ಲ. ಅಂದರೆ ಕೂಗುವವರಿಗೇ ಏನೋ ಆಗಿದೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದವರಲ್ಲಿ ಪಿಟ್ಯುಟರಿಗೆ ರಕ್ತ ಸಾಲದೆ ಅದರ ಒಂದಷ್ಟು ಭಾಗ ಸತ್ತುಹೋಗುವುದುಂಟು. ಇದಕ್ಕೆ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಮಗುವಿಗೆ ಎದೆಹಾಲು ಬರಲಿಲ್ಲ, ಆಮೇಲೆ ಮುಟ್ಟೂ ಬರಲಿಲ್ಲ, ವರ್ಷಗಟ್ಟಲೆ ಸುಸ್ತು. "ಬಾಣಂತನ ಸರಿಯಾಗಲಿಲ್ಲ" ಎಂದು ಮನೆಯವರು ಸುಮ್ಮನಾಗಿರುತ್ತಾರೆ. ಇಂಥವರಿಗೆ ಥೈರಾಕ್ಸಿನ್ ಕೊಡುವ ಮುಂಚೆ ಕಾರ್ಟಿಸಾಲ್ (ಅಡ್ರಿನಲ್ ಬಿಡುವ ರಸ) ನೋಡಲೇಬೇಕು. ಕಾರ್ಟಿಸಾಲೂ ಕಡಿಮೆ ಇದ್ದು ಬರೀ ಥೈರಾಕ್ಸಿನ್ ಕೊಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ನಿಮ್ಮ ಅಥವಾ ಅಕ್ಕತಂಗಿಯರ ಹೆರಿಗೆ ಹೀಗೆ ಆಗಿದ್ದರೆ ಎಷ್ಟೇ ವರ್ಷ ಕಳೆದಿರಲಿ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಹೆಜ್ಜೆ 2: ಬೆಳಗಿನ ಒಂದು ಗಂಟೆ

ಬರೀ ಹೊಟ್ಟೆಯಲ್ಲಿ ತೆಗೆದುಕೊಂಡರೂ ಈ ಮಾತ್ರೆಯ ಸುಮಾರು ಮುಕ್ಕಾಲು ಪಾಲು ಮಾತ್ರ ರಕ್ತ ಸೇರುವುದು. ಅದೂ ಸಣ್ಣಕರುಳಿನಲ್ಲಿ. ಜೊತೆಗೆ ಬೇರೇನೋ ಇಳಿದರೆ ಅಷ್ಟೂ ಇಲ್ಲ. ಆದ್ದರಿಂದ:

ಎದ್ದ ಕೂಡಲೇ ಸಾದಾ ನೀರಿನಲ್ಲಿ ನುಂಗಿ. ಬಿಸಿನೀರಿಗೆ ನಿಂಬೆ, ಜೇನು, ಜೀರಿಗೆ ಕಷಾಯ, ಮೆಂತ್ಯದ ನೀರು ಇವೆಲ್ಲ ಆಮೇಲೆ. ಕಾಫಿ, ಟೀ, ಹಾಲು, ತಿಂಡಿಗೆ ಕಡಿಮೆಯೆಂದರೆ ಅರ್ಧ ಗಂಟೆ, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಹಾಲಿಲ್ಲದ ಕಪ್ಪು ಕಾಫಿ ಪರವಾಗಿಲ್ಲವೇ ಎಂದು ಕೇಳುವವರಿದ್ದಾರೆ. ಆಗದು, ಅದೂ ಅಡ್ಡಿಯೇ.

ರಾಗಿ ಗಂಜಿಯ ವಿಷಯ ಬೇರೆಯಾಗಿ ಹೇಳಬೇಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿನ ಆಸುಪಾಸು ಕ್ಯಾಲ್ಸಿಯಂ ಇದೆ, ಮೇಲೆ ಹಾಲೂ ಹಾಕಿರುತ್ತೇವೆ. ಒಳ್ಳೆಯ ಆಹಾರವೇ, ಬಿಡಬೇಕಾಗಿಲ್ಲ. ಆ ಒಂದು ಗಂಟೆಯ ಒಳಗೆ ಬೇಡ ಅಷ್ಟೇ.

ಕ್ಯಾಲ್ಸಿಯಂ ಮಾತ್ರೆ ಮತ್ತು ಕಬ್ಬಿಣಾಂಶದ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಇವು ಕರುಳಿನಲ್ಲೇ ಥೈರಾಕ್ಸಿನ್ನನ್ನು ಹಿಡಿದು ಹೊರಗೆ ಕಳಿಸಿಬಿಡುತ್ತವೆ. ಮಲ್ಟಿವಿಟಮಿನ್ ಎಂದು ಕೊಡುವವುಗಳಲ್ಲೂ ಈ ಎರಡೂ ಇರುತ್ತವೆ, ಹಾಳೆ ತಿರುಗಿಸಿ ಓದಿ. ಬೆಳಗಿನದು ಥೈರಾಯ್ಡ್, ಮಧ್ಯಾಹ್ನ ಕಬ್ಬಿಣ, ರಾತ್ರಿ ಕ್ಯಾಲ್ಸಿಯಂ ಎಂದು ಹಂಚಿಕೊಂಡರೆ ಕೈಗಡಿಯಾರ ನೋಡುವ ಗೋಜಿಲ್ಲ.

ನಮ್ಮಲ್ಲಿ ಅತಿ ಸಾಮಾನ್ಯವಾದ ತೊಡಕು ಗ್ಯಾಸ್ ಮಾತ್ರೆಯದು. ಪ್ಯಾಂಟೊಪ್ರಜೋಲ್‌ನಂಥವನ್ನೂ ಬೆಳಿಗ್ಗೆ ಬರೀ ಹೊಟ್ಟೆಗೇ ಬರೆದಿರುತ್ತಾರೆ, ಎರಡನ್ನೂ ಒಟ್ಟಿಗೆ ನುಂಗಿ ಕೈ ತೊಳೆದುಕೊಳ್ಳುತ್ತೇವೆ. ಥೈರಾಯ್ಡ್ ಮಾತ್ರೆ ಕರಗಲು ಹೊಟ್ಟೆಯ ಆಮ್ಲ ಬೇಕು, ಇದೋ ಆ ಆಮ್ಲವನ್ನೇ ದಿನವಿಡೀ ಇಳಿಸಿಡುತ್ತದೆ. ಹಾಗಾಗಿ ಸಮಯ ಬದಲಿಸಿದರೂ ಪೂರ್ತಿ ಪರಿಹಾರವಲ್ಲ. ವರ್ಷಗಟ್ಟಲೆಯಿಂದ ತೆಗೆದುಕೊಳ್ಳುತ್ತಿದ್ದರೆ ಅದು ಇನ್ನೂ ಬೇಕೇ ಎಂದು ಡಾಕ್ಟರನ್ನು ಕೇಳಿ. ಎಷ್ಟೋ ಜನರಿಗೆ ಯಾವಾಗಲೋ ಐದು ದಿನಕ್ಕೆಂದು ಬರೆದದ್ದು ಐದು ವರ್ಷ ಆಗಿರುತ್ತದೆ.

ಬೆಳಿಗ್ಗೆ ಕಾಫಿ ಬಿಟ್ಟಿರಲಾರೆ ಎನ್ನುವವರಿಗೆ ಒಂದು ದಾರಿ ಇದೆ: ರಾತ್ರಿ ಮಲಗುವ ಮುಂಚೆ, ಊಟವಾಗಿ ಮೂರು ಗಂಟೆಯಾದ ಮೇಲೆ ತೆಗೆದುಕೊಳ್ಳಬಹುದು. ಏಳೂವರೆಗೆ ಊಟ ಮುಗಿಸುವ ಮನೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಹತ್ತಕ್ಕೆ ಉಣ್ಣುವವರಿಗೆ ಕಷ್ಟ. ಹಾಗೆ ತೆಗೆದುಕೊಂಡರೆ ರಾತ್ರಿ ಊಟದ ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ ಹೋಗಬೇಕು. ರಂಜಾನಿನಲ್ಲಿ ಉಪವಾಸ ಮಾಡುವವರೂ ಹೀಗೆ ತಡರಾತ್ರಿಗೆ ಬದಲಿಸಿಕೊಳ್ಳಬಹುದು, ಇಲ್ಲವೇ ಸಹರಿಗೆ (ನಸುಕಿನ ಊಟಕ್ಕೆ) ಅರ್ಧ ಗಂಟೆ ಮುಂಚೆ. ಯಾವ ಹೊತ್ತಾದರೂ ಸರಿ, ದಿನಾ ಅದೇ ಹೊತ್ತು.

ಒಂದು ದಿನ ಮರೆತರೆ ಗಾಬರಿ ಬೇಡ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ನೆನಪಾದಾಗ, ಹೊಟ್ಟೆ ಖಾಲಿ ಇರುವ ಹೊತ್ತು ನೋಡಿ ತೆಗೆದುಕೊಳ್ಳಿ. ಆಪರೇಷನ್ನಿಗೆಂದು ಉಪವಾಸ ಇರುವ ದಿನವೂ ಇದನ್ನು ಗುಟುಕು ನೀರಿನಲ್ಲಿ ನುಂಗಲು ಸಾಮಾನ್ಯವಾಗಿ ಬಿಡುತ್ತಾರೆ. ಅರಿವಳಿಕೆ ಡಾಕ್ಟರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಹೆಜ್ಜೆ 3: ಬಾಟಲಿಯ ಜಾಗ

ಅಮ್ಮ ಮಾಡಿದ ಇನ್ನೊಂದು ತಪ್ಪು ಒಲೆಯ ಪಕ್ಕ ಇಟ್ಟದ್ದು. ಈ ಮಾತ್ರೆಗೆ ಬಿಸಿ, ಬೆಳಕು, ತೇವ ಮೂರೂ ಆಗದು. ಬಾಟಲಿಯೊಳಗಿನ ಪುಟ್ಟ ಚೀಲವನ್ನು ತೆಗೆದು ಎಸೆಯಬೇಡಿ, ಅದು ತೇವ ಹೀರಲೆಂದೇ ಇರುವುದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರಲಿ. ವಾರಕ್ಕಾಗುವಷ್ಟು ಮಾತ್ರೆಗಳನ್ನು ಮೊದಲೇ ಬಿಡಿಸಿ ಡಬ್ಬಿಗೆ ಹಾಕಿಡುವ ಅಭ್ಯಾಸ ಬೇರೆ ಮಾತ್ರೆಗೆ ಸರಿ, ಇದಕ್ಕೆ ಬಾಟಲಿಯೇ ವಾಸಿ.

ಅಂಗಡಿಯಲ್ಲಿ ಬಾಟಲಿ ಕೈಗೆ ಬಂದಾಗ ಮೇಲಿನ ಅಂಕಿ ಓದಿ. 25, 50, 75, 88, 100 ಎಂದು ಹತ್ತಿರ ಹತ್ತಿರದ ಅಂಕಿಗಳು, ಒಂದೇ ಥರದ ಡಬ್ಬಿ. 12.5ಕ್ಕೂ 125ಕ್ಕೂ ನಡುವೆ ಇರುವುದು ಒಂದು ಚುಕ್ಕಿ ಮಾತ್ರ. ಕಂಪನಿಯನ್ನು ಪದೇ ಪದೇ ಬದಲಿಸಬೇಡಿ. ಬದಲಾದರೆ ಆರರಿಂದ ಎಂಟು ವಾರಕ್ಕೆ ಒಮ್ಮೆ ಟಿಎಸ್‌ಎಚ್ ನೋಡಿಸಿ.

ಹೆಜ್ಜೆ 4: ರಕ್ತ ಕೊಡುವ ದಿನ

ಡೋಸ್ ಬದಲಾದ ಮೇಲೆ ಹದಿನೈದು ದಿನಕ್ಕೇ ಪರೀಕ್ಷೆಗೆ ಓಡುವುದು ದುಡ್ಡು ದಂಡ. ಹೊಸ ಡೋಸಿಗೆ ಪಿಟ್ಯುಟರಿ ಒಗ್ಗಿಕೊಂಡು ಕೂಗು ಬದಲಿಸಲು ಆರರಿಂದ ಎಂಟು ವಾರ ಬೇಕು. ಟಿಎಸ್‌ಎಚ್ ರಾತ್ರಿ, ನಸುಕಿನಲ್ಲಿ ಏರಿ ಮಧ್ಯಾಹ್ನಕ್ಕೆ ಇಳಿಯುತ್ತದೆ. ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ಸಂಜೆ ಕೊಟ್ಟು ಎರಡನ್ನೂ ಹೋಲಿಸಿದರೆ ಸುಳ್ಳು ಲೆಕ್ಕ. ಪ್ರತಿ ಸಲವೂ ಬೆಳಿಗ್ಗೆ, ಆದಷ್ಟು ಅದೇ ಲ್ಯಾಬು. ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟಾದ ಮೇಲೆ ನುಂಗಿ, ಮೊದಲೇ ನುಂಗಿದರೆ ಫ್ರೀ ಟಿ4 ಸ್ವಲ್ಪ ಹೊತ್ತು ಮೇಲೆದ್ದು ತೋರಿಸುತ್ತದೆ.

ಇನ್ನು ಬಯೋಟಿನ್ ಎಂಬ ವಿಟಮಿನ್. ಕೂದಲು ಉದುರುತ್ತದೆಂದು ನಾನೇ ಒಂದಷ್ಟು ತಿಂಗಳು ನುಂಗಿದ್ದೆ. ಒಂದು ರಿಪೋರ್ಟಿನಲ್ಲಿ ಟಿಎಸ್‌ಎಚ್ 0.1, ಟಿ4 ಮೇಲೆ. ಎದೆ ಬಡಿತ ಇಲ್ಲ, ಬೆವರಿಲ್ಲ, ತೂಕ ಇಳಿದಿಲ್ಲ, ಆದರೂ ಕಾಗದದ ಮೇಲೆ ನಾನು ಹೈಪರ್. ಆ ಪರೀಕ್ಷೆಯ ರಾಸಾಯನಿಕದಲ್ಲೇ ಬಯೋಟಿನ್ನಿನ ಕೊಂಡಿ ಇರುತ್ತದಂತೆ. ರಕ್ತದಲ್ಲಿ ಬಯೋಟಿನ್ ಹೆಚ್ಚಿದ್ದರೆ ಯಂತ್ರಕ್ಕೇ ದಾರಿ ತಪ್ಪುತ್ತದೆ. ಎಲ್ಲ ಲ್ಯಾಬಿನ ಪದ್ಧತಿಯೂ ಒಂದೇ ಅಲ್ಲ, ಆದರೆ ನಮ್ಮದು ಯಾವುದೆಂದು ನಮಗೇನು ಗೊತ್ತು? ಬಯೋಟಿನ್ ನಿಲ್ಲಿಸಿ ಮತ್ತೆ ರಕ್ತ ಕೊಟ್ಟಾಗ ಟಿಎಸ್‌ಎಚ್ 2.4. ಕೂದಲು, ಉಗುರಿನ ಮಾತ್ರೆ ತೆಗೆದುಕೊಳ್ಳುವವರು ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ರಕ್ತ ತೆಗೆಯುವವರಿಗೂ ಹೇಳಿ.

ಸ್ಥಿರವಾದ ಮೇಲೆ ವರ್ಷಕ್ಕೊಮ್ಮೆ ಸಾಕು.

ಹೆಜ್ಜೆ 5: ಮಗುವಿನ ಯೋಚನೆ ಇದ್ದರೆ ಮೊದಲೇ ಮಾತಾಡಿ

ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಕೆಲಸ ಶುರು ಮಾಡುವುದು 10–12 ವಾರದ ಹೊತ್ತಿಗೆ. ಅಲ್ಲಿಯವರೆಗೆ ಅದರ ಮೆದುಳಿಗೆ ಬೇಕಾದ ಥೈರಾಕ್ಸಿನ್ ಪೂರ್ತಿ ತಾಯಿಯದೇ. ಆದರೆ ಮುಟ್ಟು ನಿಂತು, ಪರೀಕ್ಷೆ ಮಾಡಿಕೊಂಡು, ಒಳ್ಳೆಯ ದಿನ ನೋಡಿ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎಂಟು ವಾರ ಕಳೆದಿರುತ್ತದೆ. ಆದ್ದರಿಂದ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮುಂಚೆಯೇ ಟಿಎಸ್‌ಎಚ್ 2.5ರ ಕೆಳಗೆ ತಂದುಕೊಳ್ಳಬೇಕು. "ಗರ್ಭಿಣಿ ಎಂದು ಗೊತ್ತಾದ ದಿನ ನಾನೇನು ಮಾಡಲಿ?" ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಸಾಮಾನ್ಯವಾಗಿ ಡೋಸನ್ನು ಶೇ. 25–30ರಷ್ಟು ಏರಿಸುತ್ತಾರೆ. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಎಂದು ಸುಲಭವಾಗಿ ಹೇಳಿಕೊಡುವ ಡಾಕ್ಟರುಗಳಿದ್ದಾರೆ. ಆಮೇಲೆ ಐದು ತಿಂಗಳು ತುಂಬುವವರೆಗೆ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ. ಹೆರಿಗೆಯಾದ ಮೇಲೆ ಡೋಸ್ ಮೊದಲಿನದಕ್ಕೆ ಇಳಿಯುತ್ತದೆ. ಎದೆಹಾಲು ಕುಡಿಸುವವರು ಮಾತ್ರೆ ಬಿಡಬೇಕಾಗಿಲ್ಲ. "ಬಸುರಿ ಹೆಂಗಸು ಅಷ್ಟೊಂದು ಮಾತ್ರೆ ಯಾಕೆ ನುಂಗ್ತಾಳೆ" ಎಂದು ಹಿರಿಯರು ತಡೆದರೆ, ಇದೊಂದನ್ನು ಮಾತ್ರ ಬಿಡಬಾರದೆಂದು ನಯವಾಗಿ ಹೇಳಿ. ಬಸುರಿಗೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಕೊಟ್ಟಿರುತ್ತಾರಲ್ಲ, ನಾಲ್ಕು ಗಂಟೆಯ ಲೆಕ್ಕ ಮರೆಯದಿರಲಿ.

ಹುಟ್ಟಿದ ಕೂಸಿನದು ಇನ್ನೊಂದು ಮುಖ್ಯ ವಿಷಯ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಥೈರಾಯ್ಡ್ ಇರುವುದಿಲ್ಲ ಅಥವಾ ಕೆಲಸ ಮಾಡುವುದಿಲ್ಲ. ಮೊದಲ ವಾರಗಳಲ್ಲಿ ಕೂಸು ನೋಡಲು ಚೆನ್ನಾಗಿಯೇ ಇರುತ್ತದೆ, ತುಂಬ ಮಲಗುತ್ತದೆ, ಹೆಚ್ಚು ಅಳುವುದಿಲ್ಲ. "ಎಷ್ಟು ಒಳ್ಳೇ ಮಗು" ಎನ್ನುತ್ತಾರೆ. ಹುಟ್ಟಿದ ಎರಡನೆಯ ದಿನದಿಂದ ಐದನೆಯ ದಿನದೊಳಗೆ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ನೋಡಿದರೆ ತಿಳಿಯುತ್ತದೆ. ಎರಡು ವಾರದೊಳಗೆ ಚಿಕಿತ್ಸೆ ಶುರುವಾದರೆ ಮಗು ಎಲ್ಲರಂತೆಯೇ ಬೆಳೆಯುತ್ತದೆ. ತಡವಾದರೆ ಬುದ್ಧಿ ಕುಂಠಿತವಾಗಿ, ಆಮೇಲೆ ಏನು ಕೊಟ್ಟರೂ ಮರಳದು. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆ "ಮಗುವಿನ ಟಿಎಸ್‌ಎಚ್ ಮಾಡಿದ್ದೀರಾ?" ಎಂದು ಬಾಯಿಬಿಟ್ಟು ಕೇಳಿ.

ಊಟದ ಬಗ್ಗೆ ಚುಟುಕಾಗಿ

ಥೈರಾಯ್ಡ್ ಇರುವವರಿಗೆ ಆಗದು ಎನ್ನುವ ಎಲೆಕೋಸು, ಹೂಕೋಸನ್ನು ಬೇಯಿಸಿ ಎಲ್ಲರಂತೆ ತಿಂದರೆ ಏನೂ ಆಗದು. ಸೋಯಾ ತಿನ್ನುವವರು ಮಾತ್ರೆಯಿಂದ ದೂರ ಇಡಿ. ತೂಕದ ವಿಷಯದಲ್ಲಿ ಸ್ವಲ್ಪ ಕಹಿ ಮಾತು: ಥೈರಾಯ್ಡ್ ಕಡಿಮೆಯಾಗಿ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಹೆಚ್ಚಿನದು ನೀರು, ಉಪ್ಪಿನ ಬಾವು. ಹದಿನೈದು ಕಿಲೋ ಏರಿಕೆಗೆ ಪಾಪ ಆ ಚಿಟ್ಟೆಯೊಂದನ್ನೇ ಬೈಯಬಾರದು. ತೂಕ ಇಳಿಯಲೆಂದು ಮಾತ್ರೆ ಜಾಸ್ತಿ ನುಂಗುವವರಿಗೆ ಸಿಗುವುದು ಎದೆಬಡಿತದ ಏರುಪೇರು, ಸವೆದ ಮೂಳೆ.

ಉಪ್ಪಿನ ವಿಷಯದಲ್ಲಿ ಮಾತ್ರ ನನಗೆ ಹಟ. ಮಳೆ ತೊಳೆದುಹಾಕುವ ಬೆಟ್ಟದ ಮಣ್ಣಿನಲ್ಲಿ ಅಯೋಡಿನ್ ಉಳಿಯುವುದಿಲ್ಲ. ಹಿಮಾಲಯದ ತಪ್ಪಲಿನಲ್ಲಿ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು, ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆಯೂ ಕಾಣುತ್ತಿತ್ತು. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕೆಲವು ಊರಿಗೆ ಅಯೋಡಿನ್ ಬೆರೆಸಿದ ಉಪ್ಪು, ಕೆಲವು ಊರಿಗೆ ಸಾದಾ ಉಪ್ಪು ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು. 1962ರಲ್ಲಿ ದೇಶಕ್ಕೆ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಇಷ್ಟೆಲ್ಲ ಆಗಿ, ಈಗ ಇದ್ದಕ್ಕಿದ್ದಂತೆ ಅಯೋಡಿನ್ ಉಪ್ಪು ಬಿಟ್ಟು ಬರಿಯ ಗುಲಾಬಿ ಉಪ್ಪು, ಸೈಂಧವ ಲವಣಕ್ಕೆ ಹಾರುವುದು ನನಗೆ ಒಪ್ಪಿಗೆಯಿಲ್ಲ. ಅದರಲ್ಲೂ ಬಸುರಿ, ಬಾಣಂತಿ ಇರುವ ಮನೆಯಲ್ಲಿ. ಅವರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು, ಉಳಿದ ದೊಡ್ಡವರಿಗೆ 150. ಉಪ್ಪಿನ ಡಬ್ಬಿ ಮುಚ್ಚಿಡಿ, ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿ. ಹಾಗೆಂದು ಹಶಿಮೊಟೊ ಇರುವವರು ಅಯೋಡಿನ್ ಮಾತ್ರೆ ಹುಡುಕಿಕೊಂಡು ಹೋಗಬಾರದು, ಅತಿಯಾದರೆ ಅದೂ ಕೆಡುಕೇ.

ತಡ ಮಾಡಬಾರದ ಸಂದರ್ಭಗಳು

ಹೈಪರ್ ಇದ್ದು ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಜ್ವರದ ಜೊತೆ ಗಂಟಲು ನೋವು ಬಂದರೆ ಶುಂಠಿ ಕಷಾಯ ಕುಡಿದು ಕಾಯಬೇಡಿ. ಅಪರೂಪಕ್ಕೆ ಈ ಮಾತ್ರೆ ಬಿಳಿ ರಕ್ತಕಣಗಳನ್ನು ನೆಲಕ್ಕಿಳಿಸುತ್ತದೆ. ಮಾತ್ರೆ ನಿಲ್ಲಿಸಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಹೃದಯದ ತೊಂದರೆ ಇರುವವರು ಥೈರಾಕ್ಸಿನ್ ಶುರು ಮಾಡಿದ ಮೇಲೆ ಎದೆ ಹಿಡಿದಂತಾದರೆ ಕೂಡಲೇ ಆಸ್ಪತ್ರೆಗೆ. ಅದಕ್ಕೇ ಅಂಥವರಿಗೆ 12.5 ಅಥವಾ 25ರಿಂದ ನಿಧಾನ ಏರಿಸುತ್ತಾರೆ. ಮಾತ್ರೆ ಬಿಟ್ಟು ತಿಂಗಳುಗಳಾದ ವಯಸ್ಸಾದವರು ಮೈ ತಣ್ಣಗಾಗಿ, ಕರೆದರೆ ಓಗೊಡದಂತೆ ಮಂಪರಿನಲ್ಲಿದ್ದರೆ "ಚಳಿಗೆ ಮಲಗಿದ್ದಾರೆ" ಎಂದು ಹೊದಿಸಿ ಬಿಡಬೇಡಿ.

"ಜೀವನಪೂರ್ತಿ ನುಂಗಬೇಕಾ?" ಎಂದು ಎಲ್ಲರೂ ಕೇಳುತ್ತಾರೆ. ಹಶಿಮೊಟೊದಿಂದ ಗ್ರಂಥಿ ಸವೆದಿದ್ದರೆ, ಆಪರೇಷನ್ನಿನಲ್ಲಿ ತೆಗೆದಿದ್ದರೆ ಹೌದು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ಡಾಕ್ಟರು ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡಿನ ರಸ ಚುಚ್ಚಿ ಇದನ್ನು ಶುರು ಮಾಡಿದರು. ಆಗ 46 ವರ್ಷವಾಗಿದ್ದ ಆಕೆ ಇನ್ನೂ 28 ವರ್ಷ ಬದುಕಿದರು, ಅದಕ್ಕೆ ಬೇಕಾದ ಕುರಿಗಳ ಲೆಕ್ಕ ದೊಡ್ಡದೇ. ನಮಗೆ ಸಾಸಿವೆಗಿಂತ ತುಸು ದೊಡ್ಡ ಮಾತ್ರೆ. ಹೆರಿಗೆಯ ನಂತರ ತಾತ್ಕಾಲಿಕವಾಗಿ ಏರುಪೇರಾದವರಿಗೆ ಮಾತ್ರ ನಿಲ್ಲಿಸುವ ಅವಕಾಶ ಇರಬಹುದು. ಅದನ್ನೂ ಡಾಕ್ಟರು ನೋಡಿಯೇ ನಿಲ್ಲಿಸಬೇಕು.

ಅಮ್ಮನ ಬಾಟಲಿ ಈಗ ಮಂಚದ ಪಕ್ಕದ ಗೂಡಿನಲ್ಲಿದೆ, ಜೊತೆಗೆ ಮುಚ್ಚಿಟ್ಟ ನೀರಿನ ಚೊಂಬು. ಐದೂವರೆಗೆ ಎಚ್ಚರವಾದಾಗ ನುಂಗಿ ಮತ್ತೆ ಮಗ್ಗುಲಾಗುತ್ತಾಳೆ. ಆರೂವರೆಗೆ ಹಾಲು ಒಲೆಗೇರುತ್ತದೆ.